ಮಧ್ಯಾಹ್ನಕ್ಕೆ ನಿಲ್ಲುವ ನೀರು: ಸುರಂಗದ ಟ್ಯಾಂಕಿಯಿಂದ ಇಳಿದ ಒಂದು ಸೈಫನ್ ಪೈಪಿನ ಪ್ರಕರಣ

ಮಂಜೇಶ್ವರ ತಾಲೂಕಿನ ಒಳಭಾಗದ ಒಂದು ಅಡಿಕೆ ತೋಟ. ಮನೆಯೂ ತೋಟವೂ ಗುಡ್ಡದ ಈಚೆ ಮಗ್ಗುಲಲ್ಲಿ, ನೀರು ಕೊಡುವ ಸುರಂಗ (ಗುಡ್ಡದೊಳಕ್ಕೆ ಅಡ್ಡಲಾಗಿ ಕೊರೆದ ಬಾವಿ) ಆಚೆ ಮಗ್ಗುಲಲ್ಲಿ, ನಡುವೆ ಮುರಕಲ್ಲಿನ ಏಣು. ಸುರಂಗದಿಂದ ಒಸರುವ ನೀರು ಅದರ ಬಾಯಲ್ಲೇ ಕಲ್ಲು ಕಡಿದು ಮಾಡಿದ ಟ್ಯಾಂಕಿಗೆ ಬೀಳುತ್ತದೆ. ಟ್ಯಾಂಕಿ 4 ಮೀಟರ್ ಉದ್ದ, 3 ಮೀಟರ್ ಅಗಲ. ಅದು ತುಂಬಿದಾಗಿನ ನೀರಿನ ಮಟ್ಟದಿಂದ ಏಣು 3.2 ಮೀಟರ್ ಎತ್ತರ, ತೋಟದ ಪೈಪಿನ ಬಾಯಿ 6 ಮೀಟರ್ ತಗ್ಗು. ಕರೆಂಟಿಲ್ಲದೆ ನೀರು ಏಣು ಹತ್ತಿ ಇಳಿಯಲು ಇಲ್ಲಿ ಹಿಡಿದ ದಾರಿ ಸೈಫನ್: ಒಮ್ಮೆ ನೀರು ತುಂಬಿಸಿ ಬಿಟ್ಟರೆ ಏಣು ದಾಟಿ ತಾನಾಗಿ ಹರಿಯುವ ಪೈಪು. ಒಳವ್ಯಾಸ 25 ಮಿ.ಮೀ. ಇರುವ ಕಪ್ಪು ಪೈಪು, ಟ್ಯಾಂಕಿಯಿಂದ ಏಣಿನವರೆಗೆ 110 ಮೀಟರ್, ಏಣಿನಿಂದ ತೋಟಕ್ಕೆ 50 ಮೀಟರ್. ಟ್ಯಾಂಕಿಯೊಳಗಿನ ತುದಿಗೆ ಜಾಲರಿ ಇರುವ ಫುಟ್‌ವಾಲ್ವ್ (ನೀರು ಹಿಂದಕ್ಕೆ ಹೋಗದಂತೆ ತಡೆಯುವ ವಾಲ್ವ್), ಕೆಳತುದಿಗೆ ಗೇಟ್‌ವಾಲ್ವ್, ಏಣಿನ ಮೇಲೆ ನೀರು ತುಂಬಲು ಒಂದು ಟೀ, ಅಂದರೆ ಮೂರು ಬಾಯಿಯ ಜೋಡಣೆ.

ಜೂನ್‌ನಲ್ಲಿ ಹಾಕಿದ ಈ ಪೈಪು ಜನವರಿಯವರೆಗೆ ತಕರಾರಿಲ್ಲದೆ ಹರಿಯಿತು. ಫೆಬ್ರವರಿ ಕೊನೆಗೆ ಕಾಟ ಶುರು. ಬೆಳಿಗ್ಗೆ ತುಂಬಿಸಿ ಬಿಟ್ಟರೆ ನೀರು ಬರುತ್ತದೆ, ಹನ್ನೊಂದರ ಹೊತ್ತಿಗೆ ಸಣ್ಣದಾಗುತ್ತದೆ, ಮಧ್ಯಾಹ್ನಕ್ಕೆ ನೂಲಿನಷ್ಟಾಗಿ ನಿಲ್ಲುತ್ತದೆ. ಮರುದಿನ ಮತ್ತೆ ಏಣು ಹತ್ತಿ 78 ಲೀಟರ್ ನೀರು ಹೊತ್ತು ತುಂಬಿಸಬೇಕು. 160 ಮೀಟರ್ ಪೈಪಿನ ಹೊಟ್ಟೆಗೆ ಹಿಡಿಸುವುದು ಅಷ್ಟು.

ಪೈಪಿನ ಕೆಲಸದವರು ಬಂದು ನೋಡಿ, “ಗಾಳಿ ಹಿಡಿದದ್ದು ಅಣ್ಣಾ, ಮೇಲೆ ಒಂದು ಏರ್‌ವಾಲ್ವ್ ಇಟ್ಟರೆ ಸರಿಯಾಗ್ತದೆ” ಎಂದರು. ಗಾಳಿ ಹಿಡಿದದ್ದು ನಿಜ. ಆದರೆ ಏರ್‌ವಾಲ್ವ್ ಇಟ್ಟ ದಿನ ಸೈಫನ್ ಹತ್ತು ನಿಮಿಷವೂ ನಡೆಯಲಿಲ್ಲ. ಪಂಪಿನ ಲೈನಿನಲ್ಲಿ ಪೈಪಿನೊಳಗಿನ ಒತ್ತಡ ಹೊರಗಿನದಕ್ಕಿಂತ ಹೆಚ್ಚು, ವಾಲ್ವ್ ತೆರೆದರೆ ಗಾಳಿ ಹೊರಕ್ಕೆ ಹೋಗುತ್ತದೆ. ಸೈಫನ್ನಿನ ನೆತ್ತಿಯಲ್ಲಿ ಒಳಗಿನ ಒತ್ತಡವೇ ಕಡಿಮೆ, ಹಾಗಾಗಿ ಅದೇ ವಾಲ್ವ್ ಗಾಳಿಯನ್ನು ಒಳಕ್ಕೆ ಬಿಡುತ್ತದೆ. ಗಾಳಿ ಹೋಗಲೆಂದು ಏಣಿನ ಮೇಲೆ ಪೈಪಿಗೆ ತೂತು ಕೊರೆಯುವವರಿಗೂ ಆಗುವುದು ಇದೇ.

ನೀರನ್ನು ಏಣು ಹತ್ತಿಸುವುದು ಯಾವುದು

ಕೆಳಗಿಳಿಯುವ ನೀರು ಮೇಲಿನ ನೀರನ್ನು ಹಗ್ಗದಂತೆ ಎಳೆಯುತ್ತದೆ ಎಂಬ ತಿಳಿವಳಿಕೆ ಎಲ್ಲ ಕಡೆ ಉಂಟು. ತೋಟದ ಪೈಪಿನ ಮಟ್ಟಿಗೆ ಅದನ್ನು ಬಿಡುವುದು ಒಳ್ಳೆಯದು. ಇಳಿಯುವ ನೀರು ನೆತ್ತಿಯಲ್ಲಿ ಒತ್ತಡ ತಗ್ಗಿಸುತ್ತದೆ, ಅಷ್ಟೇ. ಟ್ಯಾಂಕಿಯ ನೀರಿನ ಮೇಲೆ ಕುಳಿತ ವಾತಾವರಣ ಹಿಂದಿನಿಂದ ನೀರನ್ನು ಪೈಪಿನೊಳಗೆ ದೂಡುತ್ತದೆ. ಆ ದೂಡುವ ಶಕ್ತಿಗೆ ಮಿತಿ ಇದೆ. 1643ರಲ್ಲಿ ಟೊರಿಸೆಲ್ಲಿ ಪಾದರಸದ ಕೊಳವೆಯಲ್ಲಿ ತೋರಿಸಿಕೊಟ್ಟದ್ದು ಈ ಮಿತಿಯನ್ನೇ: ಸಮುದ್ರಮಟ್ಟದಲ್ಲಿ 76 ಸೆಂ.ಮೀ. ಪಾದರಸ, ನೀರಿನಲ್ಲಾದರೆ 10.3 ಮೀಟರ್. ನೂರಿನ್ನೂರು ಮೀಟರ್ ಎತ್ತರದ ನಮ್ಮ ಗುಡ್ಡಗಳಲ್ಲಿ 10.2 ಮೀಟರ್ ಎಂದು ಹಿಡಿಯಬಹುದು.

ಈ 10.2 ಮೀಟರನ್ನು ಕೈಯಲ್ಲಿರುವ ದುಡ್ಡೆಂದು ತಿಳಿದು ಲೆಕ್ಕ ಹಾಕಬೇಕು. ಏಣು ಹತ್ತಲು 3.2 ಮೀಟರ್ ಖರ್ಚು. ಏಣಿನವರೆಗಿನ 110 ಮೀಟರ್ ಪೈಪಿನ ಗೋಡೆಗೆ ತಿಕ್ಕಿ ಹರಿಯಲು, ಟ್ಯಾಂಕಿ ತುಂಬಿರುವಾಗ, 4.1 ಮೀಟರ್ ಖರ್ಚು. ನೆತ್ತಿ ತಲಪುವಾಗ ಉಳಿಯುವುದು 2.9 ಮೀಟರಿಗೂ ಸ್ವಲ್ಪ ಕಡಿಮೆ, ಹೊರಗಿನ ಒತ್ತಡದ ಕಾಲಂಶದ ಆಸುಪಾಸು. ಅಂಥ ಒತ್ತಡದಲ್ಲಿ ನೀರು 67 ಡಿಗ್ರಿಗೇ ಕುದಿಯುತ್ತದೆ. ಏಣಿನ ಎತ್ತರ ಎಲ್ಲರ ಕಣ್ಣಿಗೂ ಬೀಳುತ್ತದೆ. ತಿಕ್ಕಾಟದ ಖರ್ಚು ಕಾಣುವುದಿಲ್ಲ, ಇಲ್ಲಿ ಅದೇ ದೊಡ್ಡದು.

ಸೈಫನ್ ನಿಲ್ಲಲು ನೀರು ಕುದಿಯಬೇಕೆಂದೇನಿಲ್ಲ. ನೀರಿನಲ್ಲಿ ಗಾಳಿ ಕರಗಿರುತ್ತದೆ, ಸಾಮಾನ್ಯ ಒತ್ತಡದಲ್ಲಿ ಲೀಟರಿಗೆ ಸುಮಾರು 15 ಮಿ.ಲೀ. ಒಲೆಯ ಮೇಲಿಟ್ಟ ನೀರು ಕುದಿಯುವ ಎಷ್ಟೋ ಮೊದಲು ಪಾತ್ರೆಯ ತಳಕ್ಕೆ ಸಣ್ಣ ಗುಳ್ಳೆ ಅಂಟುತ್ತದಲ್ಲ, ಅದು ಈ ಗಾಳಿ. ಒತ್ತಡ ತಗ್ಗಿದಷ್ಟೂ ನೀರು ಹಿಡಿದಿಟ್ಟುಕೊಳ್ಳಬಲ್ಲ ಗಾಳಿಯೂ ತಗ್ಗುತ್ತದೆ. ಗೋಲಿ ಸೋಡಾದ ಗೋಲಿ ಒತ್ತಿದ ಕ್ಷಣದಲ್ಲಿ ಆಗುವುದೂ ಅದೇ. ಗಂಟೆಗೆ 1,500 ಲೀಟರ್ ಹರಿದರೆ ಅದರಲ್ಲಿ 22 ಲೀಟರಿಗೂ ಹೆಚ್ಚು ಗಾಳಿ ಇರುತ್ತದೆ. ಅದರ ಹತ್ತರಲ್ಲೊಂದು ಪಾಲು ನೆತ್ತಿಯಲ್ಲಿ ಹೊರಬಂತೆನ್ನಿ. ಕಾಲು ಒತ್ತಡದಲ್ಲಿ ಅದು ನಾಲ್ಕು ಪಟ್ಟು ಹಿಗ್ಗಿ 9 ಲೀಟರ್ ಜಾಗ ಕೇಳುತ್ತದೆ. ಈ ಪೈಪಿನ ಒಂದು ಮೀಟರಿಗೆ ಹಿಡಿಸುವುದು ಅರ್ಧ ಲೀಟರ್. ನೀರು ಅದನ್ನು ಕೊಚ್ಚಿಕೊಂಡು ಹೋಗದಿದ್ದರೆ ಒಂದೇ ಗಂಟೆಯಲ್ಲಿ 18 ಮೀಟರ್ ಪೈಪು ಗಾಳಿಯಿಂದ ತುಂಬುತ್ತದೆ.

ಬಕೆಟ್, ಗಡಿಯಾರ, ಸೋಪಿನ ನೊರೆ

ಮೊದಲು ಅಳತೆ. 15 ಲೀಟರಿನ ಬಕೆಟ್ ಜೂನ್‌ನಲ್ಲಿ 37 ಸೆಕೆಂಡಿನಲ್ಲಿ ತುಂಬುತ್ತಿತ್ತು, ಅಂದರೆ ನಿಮಿಷಕ್ಕೆ 24 ಲೀಟರ್. ಮಾರ್ಚಿನಲ್ಲಿ, ಬೆಳಿಗ್ಗೆ ಗಾಳಿ ಕೂಡುವ ಮೊದಲೇ ನೋಡಿದರೂ, 69 ಸೆಕೆಂಡ್ ಬೇಕಾಯಿತು. ಟ್ಯಾಂಕಿಯ ನೀರು ಒಂದೂವರೆ ಮೀಟರ್ ಇಳಿದಿತ್ತು, ನೀರು ಕಡಿಮೆಯಾಗುವುದು ಸಹಜ ಎಂದು ಮನೆಯವರು ಸುಮ್ಮನಿದ್ದರು. ಲೆಕ್ಕ ಹಾಕಿದರೆ ಆ ಇಳಿತಕ್ಕೆ ಬಕೆಟ್ 43 ಸೆಕೆಂಡಿನಲ್ಲಿ ತುಂಬಬೇಕು. 43ಕ್ಕೂ 69ಕ್ಕೂ ನಡುವಿನ ಅಂತರ ಎಲ್ಲೋ ಕಟ್ಟಿಕೊಂಡಿದೆ ಎಂಬುದಕ್ಕೆ ಸಾಕ್ಷಿ. ಹೊಸ ಪೈಪು ಹಾಕಿದ ದಿನವೇ ಬಕೆಟ್ ತುಂಬುವ ಸಮಯವನ್ನೂ ಟ್ಯಾಂಕಿಯ ಮಟ್ಟವನ್ನೂ ಬರೆದಿಟ್ಟುಕೊಳ್ಳಬೇಕು. ಆ ಎರಡು ಅಂಕಿ ಇಲ್ಲದೆ ಹೋಗಿದ್ದರೆ ಇಲ್ಲಿ ದೋಷ ಹುಡುಕುವುದು ಕುರುಡಾಟವೇ ಆಗುತ್ತಿತ್ತು.

ಏಣಿನ ಎತ್ತರ ಅಳೆದದ್ದು ಮೇಸ್ತ್ರಿಗಳು ಪಂಚಾಂಗ ಹಾಕುವಾಗ ಬಳಸುವ ಮಟ್ಟದ ಪೈಪಿನಿಂದ: ಪಾರದರ್ಶಕ ಸಣ್ಣ ಕೊಳವೆಯಲ್ಲಿ ನೀರು ತುಂಬಿ ಎರಡು ತುದಿಯ ನೀರಿನ ಮಟ್ಟ ನೋಡುವುದು. ಕೊಳವೆಯಲ್ಲಿ ಒಂದೇ ಒಂದು ಗುಳ್ಳೆ ಸಿಕ್ಕಿಕೊಂಡಿದ್ದರೂ ಮಟ್ಟ ತಪ್ಪುತ್ತದೆ. ಎರಡು ತುದಿಗಳನ್ನು ಜೋಡಿಸಿ ಹಿಡಿದು ನೀರು ಸಮವಾಗಿ ನಿಲ್ಲುತ್ತದೆಯೇ ಎಂದು ನೋಡಿಯೇ ಗುಡ್ಡ ಹತ್ತಬೇಕು.

ಬಳಿಕ ಜಾಯಿಂಟುಗಳು. ಸೈಫನ್ನಿನ ಸೋರಿಕೆ ಹೊರಗೆ ತೊಟ್ಟಿಕ್ಕುವುದಿಲ್ಲ, ಅದು ಗಾಳಿ ಕುಡಿಯುವ ಸೋರಿಕೆ. ಪೈಪಿನ ಸುತ್ತ ನೆಲ ಒಣಗಿದೆಯೆಂದು ಜಾಯಿಂಟ್ ಸರಿಯಿದೆ ಎನ್ನಲಾಗದು. ನೀರಿನ ಸ್ನಿಗ್ಧತೆ ಗಾಳಿಯದಕ್ಕಿಂತ ಸುಮಾರು 45 ಪಟ್ಟು ಹೆಚ್ಚು, ಮೇಲಾಗಿ ಮೇಲ್ಮೈ ಎಳೆತ ಅದನ್ನು ಸಣ್ಣ ಸಂದಿಯ ಬಾಯಲ್ಲೇ ತಡೆದು ನಿಲ್ಲಿಸಬಲ್ಲದು. ನೀರು ತೂರದ ಕೂದಲೆಳೆಯ ಸಂದಿಯಲ್ಲಿ ಗಾಳಿ ಸಲೀಸಾಗಿ ನುಗ್ಗುತ್ತದೆ. ಪರೀಕ್ಷೆಗೆ ಬೇಕಾದದ್ದು ಬಟ್ಟೆ ಸೋಪಿನ ದಪ್ಪ ನೊರೆ ಮತ್ತು ತಾಳ್ಮೆ. ಸೈಫನ್ ಹರಿಯುತ್ತಿರುವಾಗ ಪ್ರತಿ ಜಾಯಿಂಟಿಗೂ ನೊರೆ ಮೆತ್ತಿ ಒಂದು ನಿಮಿಷ ಕಣ್ಣಿಟ್ಟು ನೋಡಬೇಕು. ಏಣಿನಿಂದ ಟ್ಯಾಂಕಿಯ ಕಡೆಗೆ ಎರಡನೆಯ ಜಾಯಿಂಟಿನಲ್ಲಿ, ಕ್ಲಾಂಪಿನ ಸ್ಕ್ರೂ ಇರುವ ಕಡೆ, ನೊರೆಯ ಮೈಯಲ್ಲಿ ಸಾಸಿವೆ ಕಾಳಿನಷ್ಟು ಗುಳಿ ಬಿತ್ತು. ಗುಳ್ಳೆಗಳು ಒಂದೊಂದಾಗಿ ಅದರತ್ತ ಸರಿದು ಒಳಗೆ ಮಾಯವಾದವು. ಪೈಪಿನ ತುದಿಯನ್ನು ಅರ್ಧ ಇಂಚು ಕತ್ತರಿಸಿ, ಬಿಸಿ ನೀರಿನಲ್ಲಿ ಮೆತ್ತಗೆ ಮಾಡಿ ಮತ್ತೆ ಕೂರಿಸಿ, ಕ್ಲಾಂಪ್ ಎರಡು ಹಾಕಿ, ಎರಡರ ಸ್ಕ್ರೂಗಳು ಎದುರುಬದುರಾಗಿರುವಂತೆ ಬಿಗಿಯಲಾಯಿತು. ಹನ್ನೆರಡಕ್ಕೆ ನಿಲ್ಲುತ್ತಿದ್ದ ನೀರು ಎರಡಕ್ಕೆ ನಿಲ್ಲತೊಡಗಿತು. ಇಲ್ಲಿಗೇ ಬಿಟ್ಟಿದ್ದರೆ ಗುಣವಾಯಿತೆಂಬ ಭ್ರಮೆ ಉಳಿಯುತ್ತಿತ್ತು.

ಎಲ್ಲಿ ಕಟ್ಟಿದೆ ಎಂಬುದೇ ಮುಖ್ಯ

ಏಣಿನ ಟೀಗೆ ವ್ಯಾಕ್ಯೂಮ್ ಗೇಜ್ (ಒಳಗಿನ ಒತ್ತಡ ಹೊರಗಿನದಕ್ಕಿಂತ ಎಷ್ಟು ಕಡಿಮೆ ಎಂದು ತೋರಿಸುವ ಮಾಪಕ) ಕೂರಿಸಿ ನೋಡಿದಾಗ ಮುಳ್ಳು 63 ಸೆಂ.ಮೀ. ಪಾದರಸ ತೋರಿಸಿತು. ನೀರಿನ ಲೆಕ್ಕದಲ್ಲಿ 8.6 ಮೀಟರ್. ಹರಿವು ಕಡಿಮೆ ಇರುವಾಗ ತಿಕ್ಕಾಟವೂ ಕಡಿಮೆ, ಗೇಜ್ ಇಳಿಯಬೇಕಿತ್ತು, ಏರಿದೆ. ಇದಕ್ಕೆ ಅರ್ಥ ಒಂದೇ: ಕಟ್ಟಿಕೊಂಡಿರುವುದು ಏಣಿನಿಂದ ಹಿಂದೆ, ಟ್ಯಾಂಕಿಯ ಕಡೆಗೆ. ಫುಟ್‌ವಾಲ್ವ್ ಎತ್ತಿ ನೋಡಿದರೆ ಜಾಲರಿಯ ಅರ್ಧಕ್ಕಿಂತ ಹೆಚ್ಚು ಭಾಗ ಪಾಚಿ, ಮುರದ ಕೆಂಪು ಕೆಸರು, ಕೊಳೆತ ಸೋಗೆಯ ನಾರಿನಿಂದ ಮುಚ್ಚಿಹೋಗಿತ್ತು. ತೊಳೆದು ಇಳಿಸಿದ ಮೇಲೆ ಬಕೆಟ್ 43 ಸೆಕೆಂಡಿನಲ್ಲಿ ತುಂಬಿತು, ಗೇಜ್ 57ಕ್ಕೆ ಇಳಿಯಿತು.

ಈ ವ್ಯತ್ಯಾಸವನ್ನು ಮನಸ್ಸಿಗೆ ತೆಗೆದುಕೊಳ್ಳಬೇಕು. ಕೆಳಗೆ ನೂಲಿನಷ್ಟು ನೀರು ಬರುತ್ತಿದ್ದರೆ ಕಾರಣ ಎರಡು ಬಗೆಯದಿರಬಹುದು, ನೆತ್ತಿಯ ಮೇಲೆ ಎರಡರ ಪರಿಣಾಮವೂ ತದ್ವಿರುದ್ಧ. ಟ್ಯಾಂಕಿಯ ಕಡೆ ಕಟ್ಟಿ, ತೋಟದ ಕಡೆ ಪೂರ್ತಿ ತೆರೆದಿದ್ದರೆ ಏಣಿನಿಂದ ಕೆಳಬಾಯಿವರೆಗಿನ 9.2 ಮೀಟರ್ ನೀರಿನ ಕಂಬ ಪೂರ್ತಿಯಾಗಿ ನೆತ್ತಿಗೆ ಜೋತುಬೀಳುತ್ತದೆ. ನಿಮಿಷಕ್ಕೆ 5 ಲೀಟರಿಗೆ ಇಳಿಯುವಷ್ಟು ಜಾಲರಿ ಕಟ್ಟಿದ್ದರೆ ನೆತ್ತಿಯಲ್ಲಿ ಉಳಿಯುವ ಒತ್ತಡ ಬರೀ 1.1 ಮೀಟರ್, ನೀರು 47 ಡಿಗ್ರಿಗೆ ಕುದಿಯುವ ಸ್ಥಿತಿ. ಅದೇ 5 ಲೀಟರನ್ನು ಕೆಳಗಿನ ಗೇಟ್‌ವಾಲ್ವ್ ತಿರುಗಿಸಿ ತಂದರೆ, ಟ್ಯಾಂಕಿ ಇಳಿದಿದ್ದಾಗಲೂ, ನೆತ್ತಿಯಲ್ಲಿ 5.3 ಮೀಟರ್ ಉಳಿಯುತ್ತದೆ. ನೀರು ಕಡಿಮೆ ಮಾಡಬೇಕಿದ್ದರೆ ಕೆಳತುದಿಯಲ್ಲೇ ಮಾಡಬೇಕು. ಟ್ಯಾಂಕಿಯ ಕಡೆಗೋ ಏಣಿನ ಮೇಲೋ ವಾಲ್ವ್ ಇಟ್ಟು ಅಲ್ಲಿ ತಿರುಗಿಸುವುದು ದೊಡ್ಡ ತಪ್ಪು.

ಹಾಗೆಂದು ಕೆಳಗೆ ತಿರುಗಿಸುವುದು ಪೂರ್ತಿ ನಿರಪಾಯವೂ ಅಲ್ಲ. ಈ ಮನೆಯಲ್ಲಿ ಬೇಸಗೆಗೆ ನೀರು ಉಳಿಯಲೆಂದು ಗೇಟ್‌ವಾಲ್ವನ್ನು ಕಾಲು ತಿರುವಿಗೆ ಇಟ್ಟು ಇಡೀ ದಿನ ಸಣ್ಣಗೆ ಬಿಡುತ್ತಿದ್ದರು. ಜಾಲರಿ ತೊಳೆದು, ಜಾಯಿಂಟ್ ಬಿಗಿದ ಮೇಲೂ ಮಧ್ಯಾಹ್ನ ಕಳೆದು ನಿಲ್ಲುತ್ತಿದ್ದುದು ಇದರಿಂದ. ಏಣಿನಿಂದ ಸ್ವಲ್ಪ ಕೆಳಗೆ, ತೋಟದ ಕಡೆಗೆ, ಒಂದು ಅಡಿ ಉದ್ದದ ಪಾರದರ್ಶಕ ನೈಲಾನ್ ಹೆಣಿಗೆಯ ಹೋಸ್ ಸೇರಿಸಿದಾಗ ಒಳಗಿನ ಆಟ ಕಂಡಿತು. (ಹೆಣಿಗೆಯಿಲ್ಲದ ತೆಳು ಹೋಸ್ ಬೇಡ, ಒಳಗಿನ ಒತ್ತಡ ತಗ್ಗಿದೊಡನೆ ಚಪ್ಪಟೆಯಾಗುತ್ತದೆ.) ವಾಲ್ವ್ ಪೂರ್ತಿ ತೆರೆದಿದ್ದಾಗ ರಾಗಿಯಷ್ಟು ಸಣ್ಣ ಗುಳ್ಳೆಗಳು ಹಾಲಿನ ಬಣ್ಣದ ಎಳೆಯಾಗಿ ಸರ್ರನೆ ಕೆಳಗೆ ಹೋದವು. ಕಾಲು ತಿರುವಿಗೆ ಇಳಿಸಿದೊಡನೆ ಗುಳ್ಳೆಗಳು ತಡವರಿಸಿ, ಪೈಪಿನ ಮೇಲ್ಮಗ್ಗುಲಿಗೆ ಅಂಟಿ, ಒಂದನ್ನೊಂದು ಕೂಡಿ ಹೆಬ್ಬೆರಳಿನಷ್ಟಾದವು. ಆ ದೊಡ್ಡ ಗುಳ್ಳೆ ನೀರಿಗೆದುರಾಗಿ ನಿಧಾನಕ್ಕೆ ಏಣಿನ ಕಡೆಗೇ ತೆವಳಿತು.

ಇದಕ್ಕೂ ಲೆಕ್ಕ ಉಂಟು. 25 ಮಿ.ಮೀ. ಪೈಪಿನಲ್ಲಿ ಅಡ್ಡಗಲ ತುಂಬಿದ ಗುಳ್ಳೆ, ಪೈಪಿನ ಓರೆಯನ್ನು ಅನುಸರಿಸಿ, ಸೆಕೆಂಡಿಗೆ 17ರಿಂದ 25 ಸೆಂ.ಮೀ. ವೇಗದಲ್ಲಿ ಮೇಲೇರುತ್ತದೆ. ನಿಮಿಷಕ್ಕೆ 5 ಲೀಟರ್ ಹರಿಯುವ ನೀರಿನ ವೇಗ ಸೆಕೆಂಡಿಗೆ 17 ಸೆಂ.ಮೀ. ಗುಳ್ಳೆಯನ್ನು ಕೆಳಗೆ ದೂಡಲು ಅದು ಸಾಲದು. ನಿಮಿಷಕ್ಕೆ 20 ಲೀಟರ್ ಹರಿದರೆ ವೇಗ 68 ಸೆಂ.ಮೀ., ಗುಳ್ಳೆ ನಿಲ್ಲುವ ಮಾತೇ ಇಲ್ಲ.

ಬಿಸಿಲಿನ ಪಾಲು

ಮಧ್ಯಾಹ್ನ ನಿಲ್ಲುವುದರಿಂದ ತಪ್ಪೆಲ್ಲ ಬಿಸಿಲಿನದೆಂದು ಎಲ್ಲರೂ ನಂಬಿದ್ದರು. ಏಣಿನ ಆಚೀಚೆ 40 ಮೀಟರ್ ಕಪ್ಪು ಪೈಪು ಬೋಳು ಮುರದ ಮೇಲೆ ಬಿದ್ದಿತ್ತು, ಕೈಯಿಟ್ಟರೆ ಸುಡುತ್ತಿತ್ತು. ಆದರೆ ಪೂರ್ತಿ ಹರಿಯುವಾಗ ಕೆಳಗೆ ಬಿದ್ದ ನೀರು ಟ್ಯಾಂಕಿಯ ನೀರಿಗಿಂತ ಅರ್ಧ ಡಿಗ್ರಿಯಷ್ಟೇ ಬಿಸಿ. ನೀರನ್ನು ಬಿಸಿ ಮಾಡಲು ತುಂಬ ಶಾಖ ಬೇಕು, ಲೀಟರಿಗೆ ಡಿಗ್ರಿಗೆ 4,186 ಜೌಲ್. ಪೈಪಿನಲ್ಲಿ ಅದು ಇರುವುದು ನಾಲ್ಕು ನಿಮಿಷದೊಳಗೆ. ಹರಿವು ನಿಮಿಷಕ್ಕೆ 2 ಲೀಟರಿಗೆ ಇಳಿದ ಮೇಲೆ ಮಾತ್ರ ವ್ಯತ್ಯಾಸ ಐದಾರು ಡಿಗ್ರಿಗೆ ಏರಿತು. ಅಂದರೆ ಬಿಸಿಲು ಕಾಯಿಲೆಯ ಮೂಲವಲ್ಲ, ಹಿಡಿದ ಕಾಯಿಲೆಯನ್ನು ಉಲ್ಬಣಗೊಳಿಸುವಂಥದ್ದು. ಗಾಳಿ ಕೂಡಿ ನೀರು ನಿಧಾನವಾಗುತ್ತದೆ, ನಿಧಾನವಾದ ನೀರು ಕಾಯುತ್ತದೆ, ಕಾದ ನೀರು ಇನ್ನಷ್ಟು ಗಾಳಿ ಬಿಡುತ್ತದೆ. ಜೊತೆಗೆ ನೆತ್ತಿಯಲ್ಲಿ ಕೂತ ಗಾಳಿಯ ತುಂಡು 27 ಡಿಗ್ರಿಯಿಂದ 50 ಡಿಗ್ರಿಗೆ ಕಾದರೆ, ಆವಿಯ ಒತ್ತಡವೂ ಸೇರಿ, ಒಂದು ಲೀಟರ್ ಇದ್ದದ್ದು 1.3 ಲೀಟರ್ ಆಗುತ್ತದೆ. ಸಂಜೆ ತುಂಬಿಸಿ ಬಿಟ್ಟ ದಿನ ರಾತ್ರಿ ಸೈಫನ್ ನಿಲ್ಲದೆ ನಡೆಯುತ್ತಿದ್ದುದಕ್ಕೂ ತಂಪೊಂದೇ ಕಾರಣವಾಗಿರಲಿಲ್ಲ. ಕೆಳಗಿನ ತೊಟ್ಟಿ ತುಂಬಲೆಂದು ರಾತ್ರಿ ಗೇಟ್‌ವಾಲ್ವನ್ನು ಪೂರ್ತಿ ತೆರೆದಿಡುತ್ತಿದ್ದರು.

ಮಾಡಿದ ಬದಲಾವಣೆ

ಮೊದಲು ಫಲ ಕೊಟ್ಟದ್ದು ಪಿಕ್ಕಾಸು. ಏಣಿನ ಮೇಲೆ 12 ಮೀಟರ್ ಉದ್ದಕ್ಕೆ ಎರಡು ಅಡಿ ಆಳದ ಚರಂಡಿ ಕಡಿದು ಪೈಪನ್ನು ಅದರೊಳಗೆ ಮಲಗಿಸಿದ್ದರಿಂದ ಏರು 3.2ರಿಂದ 2.6 ಮೀಟರಿಗೆ ಇಳಿಯಿತು, ಮೇಲೆ ಮಣ್ಣು ಮುಚ್ಚಿದ್ದರಿಂದ ಬಿಸಿಲೂ ತಪ್ಪಿತು. ಮುರ ಕಡಿಯಲು ಎರಡು ಆಳಿನ ಎರಡು ದಿನದ ಕೆಲಸ. ಚರಂಡಿಯ ತಳ ಒಂದೇ ಕಡೆ ಎತ್ತರವಾಗಿದ್ದು, ಅಲ್ಲಿಂದ ಎರಡೂ ಕಡೆಗೆ ಇಳಿಜಾರಾಗಿರುವಂತೆ ನೋಡಿಕೊಳ್ಳಬೇಕು. ನಡುವೆ ಡೊಂಕು ಉಳಿದರೆ ಪ್ರತಿ ಡೊಂಕಿನ ನೆತ್ತಿಯಲ್ಲೂ ಗಾಳಿ ಕೂರುತ್ತದೆ, ಅದನ್ನು ಹೊರತೆಗೆಯಲು ದಾರಿಯೇ ಇರುವುದಿಲ್ಲ.

ಎರಡನೆಯದು ಪೈಪಿನ ಅಳತೆ. ಟ್ಯಾಂಕಿಯಿಂದ ಏಣಿನವರೆಗಿನ 110 ಮೀಟರಿಗೆ ಒಳವ್ಯಾಸ 32 ಮಿ.ಮೀ. ಪೈಪು ಹಾಕಿ, ಇಳಿಯುವ 50 ಮೀಟರಿಗೆ ಹಳೆಯ 25 ಮಿ.ಮೀ. ಪೈಪನ್ನೇ ಉಳಿಸಲಾಯಿತು. ಅಷ್ಟೇ ನೀರು 32 ಮಿ.ಮೀ. ಪೈಪಿನಲ್ಲಿ ಹರಿಯುವಾಗ ತಿಕ್ಕಾಟದ ಖರ್ಚು 25ರಲ್ಲಿ ಆಗುವುದರ ಶೇ. 30 ಮಾತ್ರ. ಹತ್ತುವ ಕಡೆ ದಪ್ಪ ಪೈಪಿದ್ದರೆ ನೆತ್ತಿಯಲ್ಲಿ ಒತ್ತಡ ಉಳಿಯುತ್ತದೆ, ಇಳಿಯುವ ಕಡೆ ಸಣ್ಣದಿದ್ದರೆ ಗುಳ್ಳೆ ಕೊಚ್ಚುವ ವೇಗ ಉಳಿಯುತ್ತದೆ. ದುಡ್ಡಿದೆಯೆಂದು ಇಳಿಯುವ ಕಡೆಗೂ ದಪ್ಪ ಪೈಪು ಹಾಕಿದರೆ ಕೆಲಸ ಕೆಡುತ್ತದೆ. ಎರಡನ್ನು ಸೇರಿಸುವ ರಿಡ್ಯೂಸರ್ ನೆತ್ತಿ ದಾಟಿದ ಮೇಲೆಯೇ ಬರಬೇಕು. ಹತ್ತುವ ಭಾಗಕ್ಕೆ ತೆಳು ಪೈಪು ಬೇಡ, 6 ಕೆ.ಜಿ. ಒತ್ತಡದ್ದಿರಲಿ, ಬಿಸಿಲಿಗೆ ಮೆತ್ತಗಾದ ತೆಳು ಪೈಪು ಒಳಕ್ಕೆ ಕುಸಿಯುತ್ತದೆ.

ನೆತ್ತಿಯ ಟೀಗೆ 4 ಇಂಚಿನ ಪಿವಿಸಿ ಪೈಪಿನ ಎರಡು ಅಡಿ ತುಂಡನ್ನು ನಿಲ್ಲಿಸಿ ಗಾಳಿಯ ಕೋಣೆ ಮಾಡಲಾಯಿತು. ಅದಕ್ಕೆ ನಾಲ್ಕೂವರೆ ಲೀಟರಿಗೂ ತುಸು ಹೆಚ್ಚು ಹಿಡಿಸುತ್ತದೆ. ಬುಡದಲ್ಲೊಂದು, ತಲೆಯಲ್ಲೊಂದು ಬಾಲ್‌ವಾಲ್ವ್. ಹರಿಯುವಾಗ ಬುಡದ್ದು ತೆರೆದು, ತಲೆಯದ್ದು ಮುಚ್ಚಿರುತ್ತದೆ. ಗುಳ್ಳೆಗಳು ಕೋಣೆಗೆ ಏರಿ ಕೂಡುತ್ತವೆ, ಅಲ್ಲಿದ್ದ ನೀರು ಪೈಪಿಗೆ ಇಳಿಯುತ್ತದೆ. ಗಾಳಿ ತೆಗೆಯಲು ಮೊದಲು ಬುಡದ ವಾಲ್ವ್ ಮುಚ್ಚಬೇಕು, ಆಮೇಲೆ ತಲೆಯದ್ದು ತೆರೆದು ಅಂಚಿನವರೆಗೆ ನೀರು ತುಂಬಬೇಕು, ತಲೆ ಮುಚ್ಚಿದ ಮೇಲಷ್ಟೇ ಬುಡ ತೆರೆಯಬೇಕು. ಎರಡೂ ಒಟ್ಟಿಗೆ ಒಂದು ಕ್ಷಣ ತೆರೆದರೂ ಸೈಫನ್ ಹೋಯಿತು. ಮಕ್ಕಳ ಕೈಗೆ ಸಿಗದಂತೆ ಹಿಡಿಗಳನ್ನು ಕಳಚಿ ಮನೆಯಲ್ಲಿ ಇಟ್ಟುಕೊಳ್ಳುವುದು ಒಳ್ಳೆಯದು.

ಪೈಪಿನ ಕೆಳಬಾಯಿಯನ್ನು ತೊಟ್ಟಿಯ ನೀರಿನಲ್ಲಿ ಮುಳುಗುವಂತೆ ತಿರುಗಿಸಲಾಯಿತು, ಹರಿವು ಸಣ್ಣದಾದಾಗ ಹೊರಗಿನ ಗಾಳಿ ಆ ಬಾಯಿಯಿಂದ ಮೇಲೇರದಂತೆ. ಜಾಲರಿಗೆ ಹೊರಗಿನಿಂದ ಸೊಳ್ಳೆಪರದೆಯ ಅಗಲ ಚೀಲ ಕಟ್ಟಿ, ಫುಟ್‌ವಾಲ್ವನ್ನು ತಳದ ಕೆಸರಿನಿಂದ ಒಂದು ಅಡಿ ಮೇಲೆ ತೂಗುಹಾಕಲಾಯಿತು.

ಕೊನೆಯದು ಖರ್ಚಿಲ್ಲದ ಬದಲಾವಣೆ. ಸುರಂಗ ಮಾರ್ಚಿನಲ್ಲಿ ಕೊಡುವುದು ನಿಮಿಷಕ್ಕೆ 4 ಲೀಟರ್, ದಿನಕ್ಕೆ 5,760. ಅಷ್ಟನ್ನೇ ಇಡೀ ದಿನ ಸಣ್ಣಗೆ ಬಿಡುವ ಬದಲು ವಾಲ್ವ್ ಪೂರ್ತಿ ತೆರೆದು ಬೆಳಿಗ್ಗೆ ಒಂದೂವರೆ ಗಂಟೆ, ಸಂಜೆ ಒಂದೂವರೆ ಗಂಟೆ ಬಿಟ್ಟು, ಆಮೇಲೆ ಪೂರ್ತಿ ಮುಚ್ಚುವ ಕ್ರಮಕ್ಕೆ ಬಂದರು. ಮುಚ್ಚಿದಾಗ ಫುಟ್‌ವಾಲ್ವ್ ಹಿಡಿದುಕೊಳ್ಳುವುದರಿಂದ ಪೈಪು ತುಂಬಿಯೇ ಇರುತ್ತದೆ.

ಈಗ ಟ್ಯಾಂಕಿ ಒಂದೂವರೆ ಮೀಟರ್ ಇಳಿದಿದ್ದರೂ ಬಕೆಟ್ 30 ಸೆಕೆಂಡಿಗೆ ತುಂಬುತ್ತದೆ, ಗೇಜ್ 43 ಸೆಂ.ಮೀ. ತೋರಿಸುತ್ತದೆ. ಮೊದಲ ಸಲ ತುಂಬಿಸಲು ಮಾತ್ರ ಪೈಪಿಗೇ 113 ಲೀಟರ್ ಬೇಕು: ಎರಡು ತುದಿ ಮುಚ್ಚಿ, ಕೋಣೆಯ ತಲೆಯಿಂದ ನಿಧಾನಕ್ಕೆ ಹೊಯ್ದು, ಗುಳ್ಳೆ ಏರುವುದು ನಿಲ್ಲುವವರೆಗೆ ಹತ್ತು ನಿಮಿಷ ಕಾದು, ಮತ್ತೆ ಅಂಚಿನವರೆಗೆ ತುಂಬಿ, ತಲೆ ಮುಚ್ಚಿ, ಕೆಳಗಿನ ವಾಲ್ವನ್ನು ಒಮ್ಮೆಲೇ ಪೂರ್ತಿ ತೆರೆಯಬೇಕು. ಅಳುಕುತ್ತ ಸ್ವಲ್ಪ ಸ್ವಲ್ಪ ತೆರೆದರೆ ಉಳಿದ ಗುಳ್ಳೆಗಳು ಕೆಳಗೆ ಹೋಗದೆ ನೆತ್ತಿಗೇ ಮರಳುತ್ತವೆ. ಏಪ್ರಿಲಿನಲ್ಲಿ ಕೋಣೆಯ ಗಾಳಿ ತೆಗೆಯಬೇಕಾಗುವುದು ಐದಾರು ದಿನಕ್ಕೊಮ್ಮೆ. ಎರಡೇ ದಿನಕ್ಕೆ ಕೋಣೆ ಗಾಳಿಯಿಂದ ತುಂಬಿದರೆ ಮೊದಲು ಜಾಲರಿ ಎತ್ತಿ ನೋಡಬೇಕು, ಆಮೇಲೆ ನೊರೆ ಹಿಡಿದು ಜಾಯಿಂಟುಗಳ ಕಡೆ ಹೋಗಬೇಕು.